ಏಳು ಕಡೆ ಕೇಳಿದ ತಪ್ಪು

ಬೆಲೆ ಕೇಳುವುದು ತಪ್ಪು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟದ್ದೆಲ್ಲ ಅದಕ್ಕೆ ತದ್ವಿರುದ್ಧ. ನನ್ನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ನಾನು ಅವಳ ಸೊಂಟದೆತ್ತರ ಇದ್ದಾಗಿನಿಂದ ಒಂದೇ ಪಾಠವನ್ನು ತಿದ್ದಿಸಿದ್ದಾಳೆ: ಹತ್ತು ಕಡೆ ಕೇಳು, ಒಂದು ಕಡೆ ಕೊಳ್ಳು. ಕೇಳೋದಕ್ಕೆ ಕಾಸು ಕೊಡಬೇಕಾ, ದೇವರು ಬಾಯಿ ಕೊಟ್ಟಿರೋದು ಯಾತಕ್ಕೆ. ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ನಮಗೆ ಏನು ಸಿಕ್ಕಿತು ಎಂದು ಹೇಳುತ್ತೇನೆ. ನಡುವೆ ನನ್ನ ದನಿ ಏರಿದರೆ ಸಹಿಸಿಕೊಳ್ಳಬೇಕು. ಸಿಟ್ಟು ನನಗೆ ಮೂಗಿನ ತುದಿಯಲ್ಲಿರುತ್ತದೆ, ಈ ವಿಷಯದಲ್ಲಂತೂ ಮೂಗು ದಾಟಿ ಬಹಳ ದಿನವಾಯಿತು.

ಚಿಕ್ಕಮ್ಮನಿಗೆ ನಮ್ಮ ಬೀದಿಯಲ್ಲಿ ಅರ್ಧರೇಟು ಎಂದೇ ಹೆಸರು. ಅಂಗಡಿಯವನು ಏನೇ ಬೆಲೆ ಹೇಳಲಿ, ಅವಳ ಬಾಯಿಂದ ಬರುವುದು ಅದರ ಅರ್ಧ. ಮಾರುಕಟ್ಟೆಯ ಮೂಲೆಯಲ್ಲಿ ಕೂರುವ ತರಕಾರಿಯವನು ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದ. ದೂರದಲ್ಲಿ ಅವಳ ನೀಲಿ ಚೀಲ ಕಂಡರೆ ಸಾಕು, ಎಲ್ಲದಕ್ಕೂ ಎರಡರಷ್ಟು ಬೆಲೆ ಹೇಳುತ್ತಿದ್ದ. ಅವಳು ಅರ್ಧಕ್ಕೆ ಇಳಿಸುತ್ತಿದ್ದಳು. ಇವನು ತಲೆಯ ಮೇಲೆ ಕೈ ಹೊತ್ತು, "ಅಮ್ಮಾ, ನನ್ನ ಮನೆ ಮುಳುಗಿಸಿಬಿಟ್ರಿ" ಎನ್ನುತ್ತಿದ್ದ. ಅವಳು, "ಮುಳುಗಿದ್ರೆ ಈಜು ಕಲಿ" ಎಂದು ಮೇಲೊಂದು ಹಿಡಿ ಕೊತ್ತಂಬರಿ ಪುಕ್ಕಟೆ ಎತ್ತಿಕೊಂಡು ಬರುತ್ತಿದ್ದಳು. ಆ ದಿನವಿಡೀ ಅವಳ ನಡಿಗೆಯೇ ಬೇರೆ. ಅವನ ಉಪಾಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ಅವನು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮುಂದೆ ಕೌಂಟರು, ಅದರ ಹಿಂದೆ ತಲೆಯೆತ್ತರದ ಸಲಾಕೆಯಲ್ಲಿ ನೇತಾಡುವ ಕೋಟುಗಳು, ಕಾಲರಿಗೆ ಪಿನ್ನು ಹಾಕಿದ ನಂಬರಿನ ಚೀಟಿಗಳು. ಒಳಗಿನ ಕೋಣೆಯಲ್ಲಿ ಒಗೆಯುವ ಎರಡು ದೊಡ್ಡ ಯಂತ್ರ, ಕಲೆ ತೆಗೆಯುವ ಮೇಜು, ಗೋಡೆಗೆ ಒರಗಿ ಗೊರಗುಡುವ ಬಾಯ್ಲರು, ಕಿಟಕಿಯ ಪಕ್ಕ ನನ್ನ ಹಬೆ ಪ್ರೆಸ್ಸು. ಅದರ ಪೆಡಲು ನನ್ನ ಪಾದದ ಅಳತೆಗೇ ಸವೆದುಹೋಗಿದೆ. ಹೋಟೆಲಿನ ಹಾಸಿಗೆ ಬಟ್ಟೆ, ವಕೀಲರ ಕೋಟು, ಆಸ್ಪತ್ರೆಯ ಪರದೆ, ಯಾವುದು ಎಷ್ಟು ಬಿಸಿ ತಡೆಯುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹಬೆಯ ಮುಂದೆ ನಿಂತು ನಿಂತು ನನ್ನ ಸ್ವಭಾವವೂ ಹಾಗೇ ಆಯಿತೆಂದು ನಮ್ಮ ಯಜಮಾನಿ ನನ್ನನ್ನು ಕೆಂಡ ಎಂದು ಕರೆಯುತ್ತಿದ್ದರು. ಪ್ರೀತಿಯಿಂದಲೇ.

ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ ಯಜಮಾನಿ ಒಳಗೆ ಬಂದು, ಒಗೆಯಲು ಬಂದ ಮೂಟೆಯೊಂದರ ಮೇಲೆ ಕೂತರು. ಅವರ ಮೊಣಕಾಲು ಹೋಗಿ ವರ್ಷಗಳಾಗಿದ್ದವು.

"ಕೆಂಡ, ನನ್ನ ಕೈಲಿ ಇನ್ನಾಗಲ್ಲ. ಅಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ" ಎಂದರು. "ಪಕ್ಕದ ಫೋನಿನ ಅಂಗಡಿಯವನು ಗೋಡೆ ಒಡೆದು ಒಂದೇ ಅಂಗಡಿ ಮಾಡ್ತೀನಿ, ಕೊಡಿ ಅಂತ ಕೂತಿದ್ದಾನೆ. ಮಷೀನೆಲ್ಲ ಗುಜರಿಗೆ ಹಾಕ್ತಾನಂತೆ. ನಿನ್ನ ಕೇಳದೆ ಅವನಿಗೆ ಹ್ಞೂಂ ಅನ್ನೋಕೆ ಮನಸ್ಸು ಬರ್ಲಿಲ್ಲ. ನೀನು ತಗೋತೀಯಾ?"

ನನ್ನ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು. ನಾನು ಜನ್ಮದಲ್ಲಿ ನನ್ನದು ಎಂದು ಹೇಳಿಕೊಂಡದ್ದು ಒಂದು ಕಬ್ಬಿಣದ ಮಂಚ, ಕಂತಿನಲ್ಲಿ ತೆಗೆದುಕೊಂಡ ಒಂದು ಫ್ರಿಜ್ಜು, ಇಷ್ಟೇ. ಅವರು ಹೇಳಿದ ಬೆಲೆ ನ್ಯಾಯದ ಬೆಲೆ. ಅರ್ಧ ನನ್ನ ಉಳಿತಾಯದಲ್ಲಿ ಇತ್ತು. ಇನ್ನರ್ಧಕ್ಕೆ ಸಾಲ ಬೇಕಿತ್ತು. ಹೋಟೆಲಿನವರ ಕೆಲಸವೊಂದೇ ಕಂತು ಕಟ್ಟುವಷ್ಟು ದುಡ್ಡು ತರುತ್ತಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ತಗೋತೀನಿ ಅಮ್ಮಾವ್ರೇ" ಎಂದೆ.

"ಈ ತಿಂಗಳ ಕೊನೆಗೆ ಕಟ್ಟಡದ ಬಾಡಿಗೆ ಕರಾರು ಮುಗಿಯುತ್ತೆ. ಅಷ್ಟರೊಳಗೆ ನಿನ್ನ ಹೆಸರಿಗೆ ಆಗ್ಬೇಕು. ಅದು ದಾಟಿದ್ರೆ ನನ್ನ ಕೈಲಿ ಏನೂ ಇರಲ್ಲ ನೋಡು."

ಅವರು ಎದ್ದು ಹೋದ ಮೇಲೆ ಪ್ರೆಸ್ಸಿನ ಅಂಚನ್ನು ಒಮ್ಮೆ ಒರೆಸಿದೆ. ಆಮೇಲೆ ವಕೀಲರ ಕೋಟು ಬಾಕಿ ಇದ್ದದ್ದು ನೆನಪಾಗಿ ಕೆಲಸಕ್ಕೆ ಹತ್ತಿದೆ.

ಸಂಜೆ ಮನೆಯಲ್ಲಿ ಹೇಳಿದ್ದೇ ತಡ, ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಸಾಲ ಅಂದ್ರೆ ಏನು, ಅದೂ ಒಂದು ಸಾಮಾನೇ. ಅವರು ಮಾರ್ತಾರೆ, ನಾವು ಕೊಳ್ತೀವಿ. ಬಡ್ಡಿ ಅಂದ್ರೆ ಅದರ ಬೆಲೆ. ಮೊದಲು ಸಿಕ್ಕಿದವನ ಹತ್ರ ತಲೆ ಕೊಟ್ಟುಬಿಡಬೇಡ. ನಾನೂ ಬರ್ತೀನಿ" ಎಂದಳು.

ಈಗಲೂ ಹೇಳುತ್ತೇನೆ, ಅವಳು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮೊದಲು ಹೋದದ್ದು ದೊಡ್ಡ ರಸ್ತೆಯ ಸಾಲದ ಕಚೇರಿಗೆ. ಗಾಜಿನ ಬಾಗಿಲು, ಒಳಗೆ ಎಲುಬಿಗೇ ನಾಟುವ ಎಸಿ, ಗೋಡೆಯ ಮೇಲೆ ಅಂಗಡಿಯ ಮುಂದೆ ಕೈಕಟ್ಟಿ ನಗುತ್ತಿರುವ ಹೆಂಗಸಿನ ದೊಡ್ಡ ಚಿತ್ರ. ನಾನೂ ಹಾಗೇ ನಿಲ್ಲುತ್ತೇನೆ ಎಂದುಕೊಂಡೆ, ಹುಚ್ಚಿ. ನಮ್ಮನ್ನು ಕೂರಿಸಿದವನು ಮೈಗೆ ಬಾಟಲಿಯನ್ನೇ ಸುರಿದುಕೊಂಡು ಬಂದವನಂತೆ ಸೆಂಟು ಹಾಕಿದ್ದ. ಚಿಕ್ಕಮ್ಮ ಎರಡು ಸಲ ಸೀನಿದಳು. ಅಂದಿನಿಂದ ನಮ್ಮ ಬಾಯಲ್ಲಿ ಅವನು ಸೆಂಟು.

ಸೆಂಟು ನನ್ನ ಗುರುತಿನ ಚೀಟಿ ತೆಗೆದುಕೊಂಡ. ಫೋನಿಗೆ ಬಂದ ನಂಬರು ಕೇಳಿದ. ಒಂದು ಹಾಳೆಯಲ್ಲಿ ಕೆಳಗೆ ಸಹಿ ಹಾಕಿಸಿದ. ಪರದೆ ನೋಡಿ, "ನಿಮ್ಮ ಸಾಲದ ಸ್ಕೋರ್ ಪರವಾಗಿಲ್ಲ ಮೇಡಂ. ನಮ್ಮ ಗೆರೆಗಿಂತ ಒಂಚೂರು ಮೇಲಿದೆ. ಒಂದೇ ಒಂದು ಸಾಲ ತಗೊಂಡಿದ್ದೀರಾ, ಫ್ರಿಜ್ಜು, ಕಂತೆಲ್ಲ ಸರಿಯಾಗಿ ಕಟ್ಟಿದ್ದೀರಾ. ಆಗುತ್ತೆ" ಎಂದು ಬಡ್ಡಿ ಹೇಳಿದ.

"ಅದರ ಅರ್ಧ" ಎಂದಳು ಚಿಕ್ಕಮ್ಮ.

ಅವನು ಗೊಳ್ಳನೆ ನಕ್ಕ. "ಅಮ್ಮ, ಇದೇನು ಬದನೆಕಾಯಾ? ಬೇಕಾದ್ರೆ ಹೊರಗಡೆ ನಾಲ್ಕು ಕಡೆ ಕೇಳ್ಕೊಂಡು ಬನ್ನಿ. ಯಾರಾದ್ರೂ ನಮಗಿಂತ ಕಡಿಮೆ ಹೇಳಿದ್ರೆ ಇಲ್ಲೇ ಬನ್ನಿ, ನಾನು ಅದಕ್ಕಿಂತ ಕಡಿಮೆ ಮಾಡಿಕೊಡ್ತೀನಿ."

ಈ ಮಾತನ್ನು ಅವನೇ ಹೇಳಿದ್ದು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅರ್ಧರೇಟಿನ ಮುಂದೆ ಹೊರಗಡೆ ಕೇಳ್ಕೊಂಡು ಬನ್ನಿ ಎನ್ನುವುದೂ ಒಂದೇ, ಕುದುರೆಯ ಮುಂದೆ ಹುರುಳಿ ಚೆಲ್ಲುವುದೂ ಒಂದೇ.

ಆ ವಾರ ನಾನು ದಿನಾ ಮಧ್ಯಾಹ್ನ ಒಂದೊಂದು ಗಂಟೆ ರಜೆ ಹಾಕಿದೆ. ಚಿಕ್ಕಮ್ಮ ಒಳ್ಳೆಯ ಚಪ್ಪಲಿ ಮೆಟ್ಟಿ, ನೀಲಿ ಚೀಲ ಹಿಡಿದು ಲಾಂಡ್ರಿಯ ಬಾಗಿಲಲ್ಲಿ ಕಾಯುತ್ತಿದ್ದಳು. ಬ್ಯಾಂಕಿಗೆ ಹೋದೆವು. ಬಸ್ ನಿಲ್ದಾಣದ ಮೇಲಿನ ಮಹಡಿಯ ಫೈನಾನ್ಸಿಗೆ ಹೋದೆವು. ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಒಂದು ಸಂಘಕ್ಕೆ ಹೋದೆವು. ಟೀ ಕೊಟ್ಟು ಕೂರಿಸಿದವರೂ ಇದ್ದರು, ನಿಲ್ಲಿಸಿಯೇ ಮಾತಾಡಿಸಿದವರೂ ಇದ್ದರು. ಎಲ್ಲ ಕಡೆಯೂ ಒಂದೇ ಶಾಸ್ತ್ರ: ಚೀಟಿ ಕೊಡಿ, ಫೋನಿಗೆ ಬಂದ ನಂಬರು ಹೇಳಿ, ಇಲ್ಲೊಂದು ಸಹಿ, ಸುಮ್ಮನೆ ಎಷ್ಟು ಸಿಗುತ್ತೆ ಅಂತ ನೋಡೋಕೆ ಅಷ್ಟೇ ಮೇಡಂ, ದುಡ್ಡೇನೂ ಇಲ್ಲ.

"ದುಡ್ಡಿಲ್ಲ ಅಂದ್ಮೇಲೆ ನೋಡ್ಲಿ ಬಿಡು" ಎನ್ನುತ್ತಿದ್ದಳು ಚಿಕ್ಕಮ್ಮ. ಅವಳ ಖುಷಿಗೆ ಪಾರವೇ ಇರಲಿಲ್ಲ. ಇಲ್ಲಿ ಹೇಳಿದ ಬಡ್ಡಿಯನ್ನು ಅಲ್ಲಿ ಒಂದು ಪಾವಲಿ ಕಡಿಮೆ ಮಾಡಿ ಹೇಳುತ್ತಿದ್ದಳು. ಅಲ್ಲಿಯವರು ಇಳಿಸಿದ್ದನ್ನು ಮುಂದಿನವರಿಗೆ ಹೇಳುತ್ತಿದ್ದಳು. ಆರನೆಯ ಕಡೆಯಲ್ಲಿ ಒಬ್ಬ ಮ್ಯಾನೇಜರು ಕನ್ನಡಕ ತೆಗೆದಿಟ್ಟು, "ಅಮ್ಮ, ನೀವು ಇಲ್ಲೇ ಕೆಲಸಕ್ಕೆ ಸೇರಿಬಿಡಿ" ಎಂದ. "ಸಂಬಳ ಎಷ್ಟು?" ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ, "ಅದರ ಎರಡರಷ್ಟು" ಎಂದಳು. ಕಚೇರಿಯವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ನಗುತ್ತಿದ್ದಾಗಲೇ ಅವರ ಯಂತ್ರ ನನ್ನ ಲೆಕ್ಕದಲ್ಲಿ ಒಂದು ಗೀರು ಎಳೆದಿತ್ತೆಂದು ಯಾವ ಮಹಾನುಭಾವನೂ ಉಸಿರೆತ್ತಲಿಲ್ಲ.

ಏಳನೆಯ ಕಡೆ ಸಿಕ್ಕ ಬಡ್ಡಿ ಎಲ್ಲಕ್ಕಿಂತ ಕಡಿಮೆ. ಅದನ್ನು ಒಂದು ಕಾಗದದ ಚೂರಿನಲ್ಲಿ ಬರೆಸಿಕೊಂಡು, ಮಾತಿನಂತೆ ಮತ್ತೆ ಸೆಂಟಿನ ಹತ್ತಿರ ಹೋದೆವು. ಚಿಕ್ಕಮ್ಮ ಆ ಚೂರನ್ನು ಅವನ ಮೇಜಿನ ಮೇಲಿಟ್ಟು, ಬೆರಳಿಂದ ಅವನತ್ತ ತಳ್ಳಿದಳು.

"ಈಗ ಹೇಳಪ್ಪ. ಬದನೆಕಾಯಿ ಎಷ್ಟು?"

ಸೆಂಟು ಚೂರನ್ನು ಮುಟ್ಟಲೂ ಇಲ್ಲ. ಪರದೆಯನ್ನು ನೋಡಿದ, ಇನ್ನೊಮ್ಮೆ ನೋಡಿದ.

"ಮೇಡಂ, ನಿಮ್ಮ ಸ್ಕೋರ್ ಇಳಿದುಬಿಟ್ಟಿದೆಯಲ್ಲ" ಎಂದ. "ಈಗ ಗೆರೆಗಿಂತ ಕೆಳಗಿದೆ. ಸಿಸ್ಟಮ್ ಬೇಡ ಅಂತಿದೆ."

ನಾನು ಏನೋ ತಪ್ಪಾಗಿದೆ ಎಂದುಕೊಂಡೆ. ಫ್ರಿಜ್ಜಿನ ಕಂತೇನಾದರೂ ಉಳಿದಿದೆಯೇ ಎಂದು ಕೇಳಿದೆ. ಇಲ್ಲವಂತೆ. ಯಾರಿಗಾದರೂ ಏನಾದರೂ ಬಾಕಿಯೇ? ಇಲ್ಲವಂತೆ.

"ಮತ್ತೆ ಇಳಿಯೋಕೆ ನಾನೇನು ಮಾಡಿದೆ?"

"ಏಳು ಕಡೆ ಕೇಳಿದ್ದೀರಲ್ಲ ಮೇಡಂ" ಎಂದ ಅವನು. "ಸಾಲ ಕೊಡೋರು ಒಬ್ಬೊಬ್ಬರು ನಿಮ್ಮ ರಿಪೋರ್ಟ್ ತೆಗೆದು ನೋಡಿದಾಗಲೂ ಅಲ್ಲಿ ಒಂದು ಗುರುತು ಬೀಳುತ್ತೆ. ಒಂದೋ ಎರಡೋ ಬಿದ್ರೆ ಅಂಥ ಏಟೇನಿಲ್ಲ. ಒಂದೇ ವಾರದಲ್ಲಿ ಇಷ್ಟು ಬಿದ್ರೆ, ಈ ಹೆಂಗಸಿಗೆ ಎಲ್ಲೂ ಸಾಲ ಹುಟ್ತಿಲ್ಲ, ಕಂಡಕಂಡ ಬಾಗಿಲು ತಟ್ತಿದ್ದಾಳೆ, ದುಡ್ಡಿಗೆ ತುಂಬಾ ಅರ್ಜೆಂಟಿದೆ ಅಂತ ಸಿಸ್ಟಮ್ ಅಂದ್ಕೊಳ್ಳುತ್ತೆ. ನಿಮ್ಮದು ಹಳೇ ಲೆಕ್ಕ ಬೇರೆ ಜಾಸ್ತಿ ಇಲ್ಲ, ಒಂದು ಫ್ರಿಜ್ಜು. ಅದಕ್ಕೇ ಏಟು ಜೋರಾಗಿ ಬಿದ್ದಿದೆ."

"ನಾವು ಬಾಗಿಲು ತಟ್ಟಿದ್ದು ಬೆಲೆ ಕೇಳೋಕೆ."

"ಅದು ಸಿಸ್ಟಮ್‌ಗೆ ಗೊತ್ತಾಗಲ್ಲ ಮೇಡಂ."

"ನಿಮಗೆ ಗೊತ್ತಲ್ಲ" ಎಂದೆ. ನನ್ನ ಕಿವಿ ಬಿಸಿಯಾಗತೊಡಗಿತ್ತು. "ಇದೇ ಕುರ್ಚಿ ಮೇಲೆ ಕೂತ್ಕೊಂಡು ಹೊರಗಡೆ ಕೇಳ್ಕೊಂಡು ಬನ್ನಿ ಅಂದವರು ನೀವಲ್ವಾ?"

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ನಾನು ಬಾಯಿಮಾತಲ್ಲಿ ವಿಚಾರಿಸಿ ಅಂದೆ. ನೀವು ಎಲ್ಲ ಕಡೆ ಸಹಿ ಹಾಕಿ ಅರ್ಜಿ ಮಾಡಿದ್ದೀರಾ. ನಿಮ್ಮ ರಿಪೋರ್ಟನ್ನ ನೀವೇ ತೆಗೆದು ನೋಡಿದ್ರೆ ಯಾವ ಗುರುತೂ ಬೀಳಲ್ಲ. ಅದು ಫ್ರೀ. ಅದನ್ನ ಹಿಡ್ಕೊಂಡು ಹೋಗಿ ಬಡ್ಡಿ ಎಷ್ಟಾಗಬಹುದು ಅಂತ ಕೇಳಬಹುದಿತ್ತು."

"ಆ ಮಾತನ್ನ ಮೊದಲ ದಿನಾನೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಎಲ್ಲ ಹಾಳೇಲಿ ಬರೆದಿದೆ ಮೇಡಂ. ನೀವು ಸಹಿ ಹಾಕಿದ್ದೀರಾ."

ಹಾಳೆ ತೆಗೆದು ತೋರಿಸಿದ. ಇತ್ತು. ಸಹಿಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ನನ್ನ ವಿವರ ತೆಗೆದು ನೋಡಲು ನಾನು ಒಪ್ಪಿದ್ದೇನೆ ಎಂದು. ನೋಡಿದರೆ ನನಗೇ ಪೆಟ್ಟು ಎಂದು ಮಾತ್ರ ಎಲ್ಲೂ ಇರಲಿಲ್ಲ. ಅಷ್ಟು ಸಣ್ಣಕ್ಕೆ ಬರೆಯಲು ಅವರಿಗೆ ಜಾಗ ಸಾಲಲಿಲ್ಲವೋ ಏನೋ.

"ಎಲ್ಲರಿಗೂ ಇದೇ ಕಟ್ಟಳೆಯಾ?" ಎಂದು ಕೇಳಿದೆ.

"ಮನೆ ಕೊಳ್ಳೋ ದೊಡ್ಡ ಸಾಲ ಆಗಿದ್ರೆ, ಸ್ವಲ್ಪ ದಿನದೊಳಗೆ ಹತ್ತು ಕಡೆ ಕೇಳಿದ್ರೂ ಒಂದೇ ಸಲ ಅಂತ ಲೆಕ್ಕ ಹಿಡಿಯೋ ಪದ್ಧತಿ ಕೆಲವು ಕಡೆ ಇದೆ. ಇಂಥ ಸಣ್ಣ ಸಾಲಕ್ಕೆ ಅದಿಲ್ಲ."

ಅಲ್ಲಿಗೆ ನನ್ನ ಬಾಯ್ಲರು ಸಿಡಿಯಿತು. ಮಹಲು ಕೊಳ್ಳುವವನು ಹತ್ತು ಕಡೆ ಕೇಳಿದರೆ ಜಾಣ, ಇಸ್ತ್ರಿ ಮಾಡುವವಳು ಕೇಳಿದರೆ ಭಿಕಾರಿ. ಇದ್ಯಾವ ಸೀಮೆಯ ನ್ಯಾಯ? ನಾನು ಎದ್ದು ನಿಂತು ಮಾತಾಡಿದೆ, ಆ ಗಾಜಿನ ಬಾಗಿಲಿನ ಆಚೆ ನಿಂತವರಿಗೂ ಕೇಳುವ ಹಾಗೆ.

"ನಮ್ಮ ಲಾಂಡ್ರಿಗೆ ಜನ ಕಲೆಯಾದ ಬಟ್ಟೆ ತರ್ತಾರೆ. ಈ ಕಲೆ ಹೋಗುತ್ತಾ ಅಂತ ಮೂರು ಲಾಂಡ್ರಿ ಸುತ್ತಿ ನಮ್ಮ ಹತ್ರ ಬರ್ತಾರೆ. ಸುತ್ತಿದ್ದಕ್ಕೆ ಅವರ ಬಟ್ಟೆ ಮೇಲೆ ನಾವು ಹೊಸ ಕಲೆ ಹಾಕಲ್ಲ ಸ್ವಾಮಿ. ನೀವು ಹಾಕಿದ್ದೀರಾ. ಬಟ್ಟೆ ಬಿಳೀದಿತ್ತು. ಏಳು ಜನ ಕೈಯಲ್ಲಿ ಹಿಡಿದು ನೋಡಿದ್ರಿ, ಏಳು ಜನರ ಬೆರಳ ಗುರುತು ಬಿತ್ತು, ಈಗ ಬಟ್ಟೆ ಕೊಳಕು ಅಂತಿದ್ದೀರಾ. ನಿಮ್ಮ ಕೈ ಮೊದಲು ತೊಳ್ಕೊಳ್ಳಿ."

ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಸೆಂಟು ನಾನು ಮುಗಿಸುವವರೆಗೂ ಕಾದು, ಮೆಲ್ಲನೆ ಇನ್ನೊಂದು ಬಣ್ಣದ ಹಾಳೆ ಮುಂದಿಟ್ಟ.

"ಬೇಜಾರು ಮಾಡ್ಕೋಬೇಡಿ ಮೇಡಂ. ಆರು ತಿಂಗಳು ಯಾರ ಹತ್ರಾನೂ ಏನೂ ಕೇಳದೆ ಸುಮ್ಮನಿದ್ರೆ ಸ್ಕೋರ್ ತಾನಾಗೇ ಸುಧಾರಿಸುತ್ತೆ. ಈಗಲೇ ಬೇಕು ಅಂದ್ರೆ ನಮ್ಮಲ್ಲಿ ಇನ್ನೊಂದು ಸ್ಕೀಮ್ ಇದೆ. ಕಡಿಮೆ ಸ್ಕೋರಿನವರಿಗೆ ಅಂತಾನೇ ಮಾಡಿರೋದು."

ಬಡ್ಡಿ ನೋಡಿದೆ. ಮೊದಲು ಹೇಳಿದ್ದರ ಎರಡರಷ್ಟು. ಅಷ್ಟು ಬಡ್ಡಿ ಕಟ್ಟಿದರೆ ಹೋಟೆಲಿನ ಕೆಲಸವೆಲ್ಲ ಇವನಿಗೇ ಒಗೆದು ಇಸ್ತ್ರಿ ಮಾಡಿಕೊಟ್ಟಂತೆ, ಮನೆಗೆ ಒಯ್ಯಲು ಹಬೆ ಮಾತ್ರ ಉಳಿಯುತ್ತದೆ. ನಾನು ಚಿಕ್ಕಮ್ಮನ ಕಡೆ ನೋಡಿದೆ. ಎರಡರಷ್ಟು ಎಂದವನಿಗೆ ಅವಳು ಕೊಡುವ ಉತ್ತರ ಇಡೀ ಬೀದಿಗೆ ಗೊತ್ತು.

ಅವಳು ನೀಲಿ ಚೀಲವನ್ನು ಮಡಿಲಲ್ಲಿ ಮಡಚಿ, ಇನ್ನಷ್ಟು ಚಿಕ್ಕದಾಗಿ ಮಡಚಿ, ಅದರ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದಳು.

ಹೊರಗೆ ಬಂದ ಮೇಲೆ ಬಸ್ಸಿಗೆ ಕಾಯುತ್ತ, "ನಾನು ಕರ್ಕೊಂಡು ಸುತ್ತಿದ್ದಕ್ಕೆ ಹೀಗಾಯ್ತಲ್ಲೇ" ಎಂದಳು.

"ನಿನ್ನದೇನೂ ತಪ್ಪಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ಇವರು."

"ಮೊದಲನೇ ದಿನಾನೇ ಹ್ಞೂಂ ಅಂದಿದ್ರೆ ಸಿಗ್ತಿತ್ತಲ್ವಾ?"

ಸಿಗುತ್ತಿತ್ತು. ಬಸ್ಸು ಬಂತು, ಹತ್ತಿದೆವು.

ಏಳನೆಯವರ ಹತ್ತಿರ ಹೋದೆ. ಕಾಗದದ ಚೂರು ಬರೆದುಕೊಟ್ಟವರು ಅವರೇ. ಅವರ ಯಂತ್ರವೂ ಅದನ್ನೇ ಹೇಳಿತು, ಅವರೂ ತಲೆ ಅಲ್ಲಾಡಿಸಿದರು. ಯಜಮಾನಿಗೆ ಎಲ್ಲ ಹೇಳಿದೆ. ಅವರು ತಮ್ಮ ಮೊಣಕಾಲು ನೀವಿಕೊಳ್ಳುತ್ತ ಪೂರ್ತಿ ಕೇಳಿ, "ಹಾಳಾಗಿ ಹೋಗ್ಲಿ ಅವರ ಸಾಲ. ನಿನ್ನ ಕೈಲಿರೋ ಅರ್ಧ ಈಗ ಕೊಡು, ಇನ್ನರ್ಧ ನನಗೇ ಕಂತಲ್ಲಿ ಕೊಡು. ನಿನ್ನ ಸ್ಕೋರು ನನಗೆ ಗೊತ್ತು" ಎಂದರು.

ಆಗ ನನಗೆ ಅಳು ಬಂತು. ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆ ದಿನ ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳಿದೆ, ಅವಳೂ ಸ್ವಲ್ಪ ಹೊತ್ತು ನೀಲಿ ಚೀಲದ ಹರಿದ ಕೈ ಹೊಲಿಯುತ್ತ ಗುನುಗಿದಳು. ಅಂಗಡಿ ನನ್ನ ಕೈಗೆ ಬಂದೇಬಿಟ್ಟಿತು ಎಂದುಕೊಂಡಿದ್ದೆವು.

ಕಟ್ಟಡದ ಕರಾರು ಉಳಿದಿತ್ತಲ್ಲ. ಕಟ್ಟಡದ ಮಾಲೀಕರು ಯಾರೋ, ಎಲ್ಲಿರುತ್ತಾರೋ, ನಮಗೆ ಗೊತ್ತಿಲ್ಲ. ಅವರ ಪರವಾಗಿ ಬಾಡಿಗೆ ನೋಡಿಕೊಳ್ಳುವ ಏಜೆಂಟಿನ ಕಚೇರಿಗೆ ಯಜಮಾನಿ ಕೋಲೂರಿಕೊಂಡು ನನ್ನ ಜೊತೆ ಬಂದರು. ಅಂಗಡಿ ನನ್ನ ಹೆಸರಿಗೆ ಆಗಬೇಕು ಎಂದಾಗ ಏಜೆಂಟು ಒಳ್ಳೆಯ ಮಾತೇ ಆಡಿದ. "ಆಗಲಿ, ಒಳ್ಳೇದಾಯ್ತು. ಗುರುತಿನ ಚೀಟಿ ಕೊಡಿ, ಸ್ಕೋರ್ ಚೆಕ್ ಮಾಡಿಬಿಡ್ತೀನಿ."

ನಾನು ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡೆ. "ನಾನು ನಿಮ್ಮ ಹತ್ರ ಸಾಲ ಕೇಳ್ತಿಲ್ಲ. ಬಾಡಿಗೆಗೆ ಕೇಳ್ತಿದ್ದೀನಿ. ಮುಂಗಡ ಕೊಡ್ತೀನಿ. ಇದಕ್ಕೂ ಸ್ಕೋರ್ ಯಾಕೆ?"

"ಈಗ ಎಲ್ಲದಕ್ಕೂ ನೋಡ್ತಾರಮ್ಮ. ಬಾಡಿಗೆ ಸರಿಯಾಗಿ ಕಟ್ತೀರೋ ಇಲ್ವೋ ನಮಗೆ ಹ್ಯಾಗೆ ಗೊತ್ತಾಗ್ಬೇಕು?"

"ನಾನು ಹೇಳ್ತೀನಲ್ಲ" ಎಂದರು ಯಜಮಾನಿ. "ಇಷ್ಟು ವರ್ಷದಿಂದ ಬಾಡಿಗೆ ತಂದು ಈ ಮೇಜಿನ ಮೇಲೆ ಇಟ್ಟಿದ್ದು ಯಾರು? ನನ್ನ ಕಾಲು ಮೆಟ್ಟಿಲು ಹತ್ತುತ್ತಾ? ಇವಳೇ ತಾನೇ ತಂದುಕೊಟ್ಟಿದ್ದು?"

"ನಿಜ ಅಮ್ಮಾ. ನಾನೇ ಈಸ್ಕೊಂಡಿದ್ದೀನಿ. ಆದ್ರೆ ಅದು ರಿಪೋರ್ಟಲ್ಲಿ ಬರಲ್ಲ."

ನೋಡಿದಿರಾ? ಪ್ರತಿ ತಿಂಗಳು ತಪ್ಪದೆ ಕಟ್ಟಿದ್ದು ಬರುವುದಿಲ್ಲ. ಕೇಳಿದ್ದು ಮಾತ್ರ ಬರುತ್ತದೆ. ಅವನು ನೋಡದೆ ಅಂಗಡಿ ಕೊಡಲಾರ, ನೋಡಿದರೆ ನನ್ನ ಸ್ಕೋರು ಇನ್ನೂ ಕೆಳಗೆ ಹೋದೀತು. ಅತ್ತ ದರಿ, ಇತ್ತ ಪುಲಿ. ತಿಂಗಳ ಕೊನೆ ಹತ್ತಿರದಲ್ಲೇ ಇತ್ತು. ನಾನು ಚೀಟಿ ಕೊಟ್ಟೆ. ಅವನು ನೋಡಿದ, ತುಟಿ ಕಚ್ಚಿದ, ಪಾಪ ಎನ್ನುವಂತೆ ಯಜಮಾನಿಯ ಮುಖ ನೋಡಿದ. ಗೆರೆಗಿಂತ ಕೆಳಗಿನವರಿಗೆ ಕೊಡಬಾರದೆಂದು ಮಾಲೀಕರು ಹೇಳಿದ್ದಾರಂತೆ. ಯಜಮಾನಿ ತಾವೇ ಜಾಮೀನು ನಿಲ್ಲುತ್ತೇನೆಂದರು. ಅಂಗಡಿ ಮಾರಿ ಊರು ಬಿಡುವವರ ಜಾಮೀನು ನಡೆಯುವುದಿಲ್ಲವಂತೆ. ಎಲ್ಲದಕ್ಕೂ ಅವನ ಬಳಿ ಒಂದು ಕಟ್ಟಳೆ ತಯಾರಿತ್ತು, ಮತ್ತು ಅವನು ಪ್ರತಿಯೊಂದನ್ನೂ ಬಹಳ ವಿನಯದಿಂದ ಹೇಳಿದ. ಆ ವಿನಯಕ್ಕೆ ಬೆಂಕಿ ಬೀಳಲಿ.

ಮೆಟ್ಟಿಲು ಇಳಿಯುವಾಗ ಯಜಮಾನಿ ನನ್ನ ತೋಳು ಹಿಡಿದುಕೊಂಡರು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಕೆಂಡ" ಎಂದರು. ಅವರ ತಪ್ಪಲ್ಲ. ಅವರು ಮಾಡಬಹುದಾದ್ದನ್ನೆಲ್ಲ ಮಾಡಿದರು.

ತಿಂಗಳ ಕೊನೆಯ ದಿನ ಬಾಯ್ಲರು ಆರಿಸಿದೆ. ಉಳಿದ ಕೋಟುಗಳನ್ನೆಲ್ಲ ಗಿರಾಕಿಗಳಿಗೆ ಫೋನು ಮಾಡಿ ಕರೆಸಿ ಕೊಟ್ಟೆ. ಯಜಮಾನಿ ಕೈಇಸ್ತ್ರಿ ಪೆಟ್ಟಿಗೆಯೊಂದನ್ನು ನನಗೆ ಕೊಟ್ಟು ಹೋದರು. ಮರುದಿನ ಬೆಳಗ್ಗೆ ಆ ದಾರಿಯಲ್ಲಿ ಹೋದಾಗ ಫೋನಿನ ಅಂಗಡಿಯವನು ಗೋಡೆ ಒಡೆಸುತ್ತಿದ್ದ. ನನ್ನ ಪ್ರೆಸ್ಸು ಫುಟ್‌ಪಾತಿನ ಮೇಲೆ ಅಡ್ಡ ಬಿದ್ದಿತ್ತು. ಗುಜರಿಯವನು ಅದರ ಪೆಡಲನ್ನು ಸುತ್ತಿಗೆಯಿಂದ ಹೊಡೆದು ಬೇರೆ ಮಾಡುತ್ತಿದ್ದ. ನಾನು ನಿಂತು ನೋಡಲಿಲ್ಲ. ನಿಂತಿದ್ದರೆ ಆ ಸುತ್ತಿಗೆ ಕಿತ್ತುಕೊಂಡು ದೊಡ್ಡ ರಸ್ತೆಯ ಗಾಜಿನ ಬಾಗಿಲಿಗೆ ಹೋಗುತ್ತಿದ್ದೆ, ಅಷ್ಟು ಖಂಡಿತ.

ಈಗ ಮನೆಯ ಮುಂಗೋಣೆಯಲ್ಲಿ ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತೇನೆ. ಹೋಟೆಲಿನವರು ಬೇರೆ ಕಡೆ ಹೋದರು, ಬೀದಿಯವರ ಅಂಗಿ ಪ್ಯಾಂಟು ಬರುತ್ತದೆ. ಹೊಟ್ಟೆಗೆ ತೊಂದರೆಯಿಲ್ಲ. ಆರು ತಿಂಗಳು ಸುಮ್ಮನಿರಬೇಕಂತೆ, ಇದ್ದೇನೆ. ಆರು ತಿಂಗಳಾದ ಮೇಲೆ ಸ್ಕೋರು ಮೇಲೆ ಬರುತ್ತದೆ, ಸರಿ. ಅಂಗಡಿಯನ್ನು ಅವರಪ್ಪ ತಂದುಕೊಡುತ್ತಾನೆಯೇ?

ನಾನು ಇಷ್ಟರಲ್ಲೇ ಮುಗಿಸುತ್ತಿದ್ದೆ. ಆದರೆ ಮೊನ್ನೆ ಚಿಕ್ಕಮ್ಮನ ಜೊತೆ ಮಾರುಕಟ್ಟೆಗೆ ಹೋಗಿದ್ದೆ.

ಅವಳು ಒಂದಷ್ಟು ದಿನದಿಂದ ಒಬ್ಬಳೇ ಹೋಗಿ ಬರುತ್ತಿದ್ದಳು. ಚೀಲದಲ್ಲಿ ಸಾಮಾನು ಕಡಿಮೆ ಇರುತ್ತಿತ್ತು, ಕೊತ್ತಂಬರಿ ಇರುತ್ತಲೇ ಇರಲಿಲ್ಲ. ಬೆಲೆ ಏರಿರಬೇಕು ಎಂದುಕೊಂಡಿದ್ದೆ. ನನ್ನ ಕೈಗೆ ಬಿಡುವಿದ್ದ ದಿನ ನಾನೂ ಹೊರಟೆ. ಮೂಲೆಯ ತರಕಾರಿಯವನ ಜಾಗದಲ್ಲಿ ಕೆಲವು ವಾರದಿಂದ ಅವನ ಅಣ್ಣ ಕೂತಿದ್ದನಂತೆ, ಇವನು ಕಾಯಿಲೆಯಿಂದ ಎದ್ದು ಅಂದೇ ವಾಪಸು ಬಂದಿದ್ದ. ನೀಲಿ ಚೀಲ ಕಂಡ ಕೂಡಲೇ ಅವನ ಮುಖ ಅರಳಿತು. ಟೊಮೆಟೊ, ಈರುಳ್ಳಿ, ಬೀನ್ಸು ತೂಗಿ, ಗಂಟಲು ಸರಿಮಾಡಿಕೊಂಡು ಬೆಲೆ ಹೇಳಿದ. ಎರಡರಷ್ಟು. ಹೇಳಿ, ತಲೆಯ ಮೇಲೆ ಹೊರಲು ಕೈ ಎತ್ತಿಕೊಂಡು ತಯಾರಾಗಿ ಕೂತ.

ಚಿಕ್ಕಮ್ಮ ಪರ್ಸು ತೆಗೆದು ಅಷ್ಟನ್ನೂ ಕೊಟ್ಟಳು.

ಅವನ ಕೈ ಅಲ್ಲೇ ಉಳಿಯಿತು. ಅವನು ನನ್ನ ಕಡೆ ನೋಡಿದ. ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಿದ್ದಳು. ಅವನು ತಕ್ಕಡಿ ಬಿಟ್ಟು ಓಡಿಬಂದು ಅರ್ಧ ದುಡ್ಡನ್ನು ಅವಳ ಮುಂದೆ ಹಿಡಿದ.

"ಅಮ್ಮಾ, ನಾನು ತಮಾಷೆಗೆ ಹೇಳಿದ್ದು. ಇಷ್ಟು ವರ್ಷದಿಂದ ತಮಾಷೆಗೇ ಹೇಳ್ತಿದ್ದೆ. ಇದರ ಅರ್ಧ ಸಾಕು. ತಗೊಳ್ಳಿ, ನಿಮ್ಮ ದಮ್ಮಯ್ಯ."

"ಬೇಡಪ್ಪ" ಎಂದಳು ಚಿಕ್ಕಮ್ಮ. "ನೀನು ಕೇಳಿದ್ದು ಅಷ್ಟು, ನಾನು ಕೊಟ್ಟಿದ್ದೀನಿ. ಬಿಟ್ಟುಬಿಡು." ಆಮೇಲೆ ದನಿ ತಗ್ಗಿಸಿ ನನಗೆ ಮಾತ್ರ ಕೇಳುವಂತೆ, "ನಾನು ಬೆಲೆ ಕೇಳಿದ್ದಕ್ಕೆ ಎಲ್ಲಾದ್ರೂ ಗುರುತು ಬಿದ್ದು ನಿನಗೇ ಏನಾದ್ರೂ ಆದ್ರೆ? ಇನ್ನೂ ಆರು ತಿಂಗಳು ಆಗಿಲ್ವಲ್ಲ" ಎಂದಳು.

ತರಕಾರಿಯವನ ಹತ್ತಿರ ಕೇಳಿದ್ದು ಎಲ್ಲೂ ಬೀಳುವುದಿಲ್ಲ ಎಂದೆ. ಅಲ್ಲೇ, ದಾರಿಯ ನಡುವೆ, ಎರಡು ಸಲ ಹೇಳಿದೆ. "ಹ್ಞೂಂ, ಸರಿ" ಎಂದಳು. ನಂಬಲಿಲ್ಲ. ಯಾಕೆ ನಂಬಬೇಕು? ಸುಮ್ಮನೆ ನೋಡೋಕೆ ಅಷ್ಟೇ ಎಂದು ಏಳು ಜನ ಹೇಳಿದ್ದನ್ನೂ ಅವಳು ನಂಬಿದ್ದಳು.

ತರಕಾರಿಯವನು ಆ ಅರ್ಧವನ್ನು ಕೊನೆಗೆ ನನ್ನ ಕೈಯಲ್ಲಿಟ್ಟು, "ಅಮ್ಮನಿಗೆ ಯಾರು ಏನು ಮಾಡಿದ್ರಕ್ಕಾ?" ಎಂದು ಕೇಳಿದ. ನಾನು ಆ ದುಡ್ಡನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ಅವಳ ಹಿಂದೆ ಹೊರಟೆ. ಅಂಗಡಿ ಹೋದದ್ದನ್ನು ಹೇಗೋ ನುಂಗಿಕೊಂಡೇನು. ಇದನ್ನು ನುಂಗಲಾರೆ. ಮುಂದೆ ಚಿಕ್ಕಮ್ಮ ಅಂಗಡಿ ಸಾಲಿನ ನಡುವೆ ಯಾರ ಮುಖವನ್ನೂ ನೋಡದೆ, ಯಾರನ್ನೂ ಏನನ್ನೂ ಕೇಳದೆ ಮನೆಯ ಕಡೆ ಹೋಗುತ್ತಿದ್ದಳು.